ಹಬ್ಬದ ಬಲೂನು, ಮನೆಯವರ ಹೊಣೆ

ಹುಟ್ಟುಹಬ್ಬವಿರಲಿ, ಕ್ರಿಸ್‌ಮಸ್ ಇರಲಿ, ಬಲೂನು ಕಟ್ಟದಿದ್ದರೆ ಮಕ್ಕಳಿಗೆ ಸಂಭ್ರಮವೇ ಇಲ್ಲ. ಆಯುಧಪೂಜೆಯ ದಿನ ತಿರುಪ್ಪೂರಿನ ಬನಿಯನ್ ಕಾರ್ಖಾನೆಗಳಲ್ಲಿ ಹೊಲಿಗೆ ಯಂತ್ರಗಳಿಗೂ ಬಲೂನಿನ ಸಿಂಗಾರವುಂಟು. ಫ್ಯಾನಿನ ಗಾಳಿಯಿಂದ ಉಬ್ಬಿ ನಿಲ್ಲುವ ಬೊಂಬೆಗಳೂ ಈಗ ಅಂಗಡಿಯ ಬಾಗಿಲಿನಿಂದ ಮನೆಯಂಗಳಕ್ಕೆ ಬಂದಿವೆ. ಅಲಂಕಾರವು ತಪ್ಪಲ್ಲ. ಆದರೆ ಒಳಗೆ ತುಂಬಿರುವುದೇನು, ವಿದ್ಯುತ್ತು ಬರುವುದೆಲ್ಲಿಂದ, ಅನಾಹುತವಾದರೆ ಹೊಣೆ ಯಾರದು ಎಂಬ ಮೂರು ಪ್ರಶ್ನೆಗಳನ್ನು ಪೋಷಕರು ಮೊದಲೇ ಕೇಳಿಕೊಳ್ಳುವುದು ಲೇಸು.

ಪಂಪಿನಿಂದ ತುಂಬಿದ ಸಾಮಾನ್ಯ ಗಾಳಿಯಿಂದ ಬೆಂಕಿಯ ಭಯವಿಲ್ಲ. ತಾನಾಗಿ ಮೇಲೇರುವ ಬಲೂನಿನಲ್ಲಿ ಹೀಲಿಯಂ ಇಲ್ಲವೇ ಹೈಡ್ರೋಜನ್ ಇರುತ್ತದೆ. ಹೀಲಿಯಂ ಉರಿಯದು, ಹೈಡ್ರೋಜನ್ನಿಗೆ ಒಂದು ಕಿಡಿ ಸಾಕು. ಹೀಲಿಯಂ ದುಬಾರಿಯಾದ ಕಾರಣ ಕೆಲವರು ಕಾಸ್ಟಿಕ್ ಸೋಡ ಮತ್ತು ಅಲ್ಯೂಮಿನಿಯಂ ಚೂರುಗಳನ್ನು ಹಳೆಯ ಸಿಲಿಂಡರಿನಲ್ಲಿ ಬೆರೆಸಿ ಹೈಡ್ರೋಜನ್ ತಯಾರಿಸುವುದುಂಟು. 2020ರ ಸೆಪ್ಟೆಂಬರಿನಲ್ಲಿ ಚೆನ್ನೈನ ಅಂಬತ್ತೂರು ಭಾಗದ ಸಮಾರಂಭವೊಂದರಲ್ಲಿ ಬಲೂನುಗಳ ಗೊಂಚಲು ಹೊತ್ತಿ ಸಿಡಿದು ಹಲವರು ಗಾಯಗೊಂಡರು. ಹೀಲಿಯಂ ಎಂದರೂ ನಿಶ್ಚಿಂತೆಯಿಂದಿರುವಂತಿಲ್ಲ. ಅದರ ಸಿಲಿಂಡರಿನೊಳಗಿನ ಒತ್ತಡವೇ ಅಪಾಯಕರ. 2022ರ ಅಕ್ಟೋಬರಿನಲ್ಲಿ ತಿರುಚಿರಾಪಳ್ಳಿಯ ಅಂಗಡಿ ಬೀದಿಯಲ್ಲಿ ಬಲೂನು ವ್ಯಾಪಾರಿಯ ಹೀಲಿಯಂ ಸಿಲಿಂಡರ್ ಸಿಡಿದು ಒಬ್ಬರು ಪ್ರಾಣ ಕಳೆದುಕೊಂಡರು.

2016ರ ಅನಿಲ ಸಿಲಿಂಡರ್ ನಿಯಮಗಳ ಪ್ರಕಾರ ಪರವಾನಗಿಯಿಲ್ಲದೆ ಸಿಲಿಂಡರಿಗೆ ಒತ್ತಡದ ಅನಿಲವನ್ನು ತುಂಬುವಂತಿಲ್ಲ. ಸಿಲಿಂಡರನ್ನು ನಿಗದಿತ ಅವಧಿಗೊಮ್ಮೆ ಪರೀಕ್ಷೆಗೆ ಒಳಪಡಿಸಲೇಬೇಕು. ಆದುದರಿಂದ ಅನಿಲ ಯಾವುದು, ಎಲ್ಲಿ ತುಂಬಿಸಿದ್ದು ಎಂದು ಕೇಳಿ, ರಸೀದಿ ಪಡೆಯಿರಿ. ಉತ್ತರ ಬಾರದಿದ್ದರೆ ಅಂತಹವರನ್ನು ಮನೆಗೆ ಕರೆಯಬೇಡಿ. ಸಿಲಿಂಡರ್ ಮನೆಯ ಹೊರಗೇ ಇರಲಿ, ಮಕ್ಕಳು ದೂರವಿರಲಿ. ದೀಪ, ಊದುಬತ್ತಿ, ಕೇಕಿನ ಮೇಣದಬತ್ತಿಗಳ ಬಳಿ ಅನಿಲದ ಬಲೂನು ಕಟ್ಟಬೇಡಿ. ದನಿ ಬದಲಾಗುವ ವಿನೋದಕ್ಕಾಗಿ ಹೀಲಿಯಂ ಎಳೆದುಕೊಳ್ಳುವುದನ್ನು ಖಂಡಿತ ತಡೆಯಿರಿ; ಆಮ್ಲಜನಕ ದೊರೆಯದೆ ಉಸಿರು ಕಟ್ಟೀತು.

ಎರಡನೆಯದು ವಿದ್ಯುತ್ತು. ದೀಪಾವಳಿಯ ವೇಳೆಗೆ ನಮ್ಮಲ್ಲಿ ಹಿಂಗಾರು ಮಳೆ ಸುರಿಯುತ್ತಿರುತ್ತದೆ. ಒಳಮನೆಗೆಂದು ಮಾಡಿದ ಸೀರಿಯಲ್ ದೀಪವನ್ನೂ ಬೊಂಬೆಯ ಫ್ಯಾನನ್ನೂ ಅಂಗಳದ ನೀರಿನಲ್ಲಿ ಇಟ್ಟರೆ ಸೋರಿಕೆಯ ವಿದ್ಯುತ್ತು ಜೀವವನ್ನೇ ತೆಗೆದೀತು. ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳು ಮನೆಗಳಿಗೆ 30 ಮಿಲಿಆಂಪಿಯರ್ ಮೀರದ ಸೋರಿಕೆ ತಡೆ ಸ್ವಿಚ್ಚನ್ನು ಹೇಳುತ್ತವೆ. ನಿಮ್ಮ ಮನೆಯಲ್ಲಿ ಅದು ಇದೆಯೇ ಎಂದು ಎಲೆಕ್ಟ್ರಿಷಿಯನ್ ಒಬ್ಬರಿಂದ ತೋರಿಸಿಕೊಳ್ಳಿ. ಬೀದಿಯ ಕಂಬದಿಂದ ತಂತಿ ಎಳೆಯುವುದು 2003ರ ವಿದ್ಯುತ್ ಕಾಯ್ದೆಯ 135ನೆಯ ಕಲಮಿನಂತೆ ಕಳವು. ಮೂರು ವರ್ಷದವರೆಗೆ ಸೆರೆವಾಸ ಉಂಟು. ಹೊಳೆಯುವ ಲೋಹಲೇಪಿತ ಬಲೂನು ವಿದ್ಯುತ್ತನ್ನು ಹರಿಸುತ್ತದೆ. ಅದನ್ನು ಹಾರಬಿಡಬೇಡಿ, ತಂತಿಗೆ ಸಿಕ್ಕಿದರೆ ಕೋಲಿನಿಂದ ಎಳೆಯದೆ ‘ಮಿನ್ನಗಂ’ 94987 94987ಕ್ಕೆ ತಿಳಿಸಿ. ಪಾಲಕ್ಕಾಡು ಕಣಿವೆಯ ಆಡಿ ಗಾಳಿ ಬೀಸುವಾಗ ಮಹಡಿಯ ಮೇಲೆ ಉಬ್ಬುಬೊಂಬೆ ನಿಲ್ಲಿಸುವುದೇ ಬೇಡ. ರಾತ್ರಿ ಮಲಗುವ ಮುನ್ನ ಎಲ್ಲವನ್ನೂ ಆರಿಸಿರಿ.

ಮೂರನೆಯದು ಹೊಣೆ. ರಸ್ತೆಗೆ ಅಡ್ಡವಾಗಿ ಕಮಾನು ಕಟ್ಟಿದರೆ ಭಾರತೀಯ ನ್ಯಾಯ ಸಂಹಿತೆಯ 285ನೆಯ ಕಲಮಿನಂತೆ 5,000 ರೂಪಾಯಿವರೆಗೆ ದಂಡ. ಬೆಂಕಿ ಅಥವಾ ಉರಿಯುವ ವಸ್ತುವಿನ ವಿಷಯದಲ್ಲಿ ಅಲಕ್ಷ್ಯ ತೋರಿದರೆ 287ನೆಯ ಕಲಮಿನಂತೆ ಆರು ತಿಂಗಳವರೆಗೆ ಸೆರೆ. ಅಲಕ್ಷ್ಯದಿಂದ ಸಾವು ಸಂಭವಿಸಿದರೆ 106ನೆಯ ಕಲಮಿನಂತೆ ಐದು ವರ್ಷದವರೆಗೆ ಸೆರೆ. ಪರಿಹಾರದ ದಾವೆ ಬೇರೆ. ವ್ಯಾಪಾರಿಯ ತಪ್ಪು ಎಂದ ಮಾತ್ರಕ್ಕೆ, ಅಪಾಯವನ್ನು ಕಂಡೂ ಸುಮ್ಮನಿದ್ದ ಮನೆಯವರು ಪಾರಾಗುವರೆಂಬ ಭರವಸೆಯಿಲ್ಲ.

ಕಲಮುಗಳು ಅನಾಹುತದ ನಂತರ ಬರುತ್ತವೆ. ಮಗುವಿನ ಸುಟ್ಟ ಕೈಯನ್ನು ಯಾವ ತೀರ್ಪೂ ಮೊದಲಿನಂತೆ ಮಾಡಲಾರದು. ಪಂಪಿನ ಗಾಳಿಯ ಬಲೂನು, ಮಾವಿನ ತೋರಣ, ರಂಗೋಲಿ ಇವಿಷ್ಟರಿಂದಲೇ ಮನೆ ಚೆನ್ನಾಗಿ ಕಾಣುತ್ತದೆ.