ಮೌಸ್ ಯಾರ ಕೈಯಲ್ಲಿದೆ ಮಾಷ್ಟ್ರೇ?



"ಸಿಮ್ಯುಲೇಶನ್ ಎಲ್ಲ ಇಂಗ್ಲಿಷಿನಲ್ಲಿರುವುದು. ನಮ್ಮ ಕನ್ನಡ ಮಾಧ್ಯಮದ ಮಕ್ಕಳಿಗೆ ಅದೆಲ್ಲ ಆಗಿಬರುವುದಿಲ್ಲ." ಸ್ಟಾಫ್ ರೂಮಿನಲ್ಲಿ ಈ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಕಾಸರಗೋಡಿನ ಕನ್ನಡ ಅಧ್ಯಾಪಕರಾದ ನಾವೇ ಹೀಗೆಂದರೆ ಹೆತ್ತವರು ಏನು ತಿಳಿದುಕೊಳ್ಳಬೇಕು? ಮರುವರ್ಷ ಟಿ.ಸಿ. ಕೇಳಿಕೊಂಡು ಬರುತ್ತಾರೆ. ಆಮೇಲೆ ಡಿವಿಷನ್ ಹೋಯಿತು, ಹುದ್ದೆ ಹೋಯಿತು ಎಂದು ಅಳುವವರೂ ನಾವೇ!

ಮಾತು ನಿಜವೇ, ನೋಡೋಣ. 2001ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದ ಕಾರ್ಲ್ ವೀಮನ್ ಅವರು 2002ರಲ್ಲಿ ಅಮೆರಿಕದ ಕೊಲರಾಡೋ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ 'ಫೆಟ್' ಸಿಮ್ಯುಲೇಶನ್‌ಗಳು ಪೂರ್ತಿ ಉಚಿತ. ಒಮ್ಮೆ ಇಳಿಸಿಕೊಂಡರೆ ಇಂಟರ್ನೆಟ್ ಇಲ್ಲದೆಯೂ ನಡೆಯುತ್ತವೆ. ಹಲವು ಕನ್ನಡದಲ್ಲೂ ಇವೆ. ಇಲ್ಲದ್ದನ್ನು ಕನ್ನಡಕ್ಕೆ ತರಲು ಅಲ್ಲೇ ಸೌಕರ್ಯವಿದೆ. ಲೋಲಕದ ಸಿಮ್ಯುಲೇಶನ್ ತೆಗೆದುಕೊಳ್ಳಿ. ಉದ್ದ, ದ್ರವ್ಯರಾಶಿ, ಗುರುತ್ವ, ಘರ್ಷಣೆ... ಇಂಥ ಬೆರಳೆಣಿಕೆಯ ಪದಗಳು. ದಿನಾ ಬೋರ್ಡಿನ ಮೇಲೆ ಬರೆಯುವ ನಮಗೆ ಇವು ಬಾರವೇ? ಬೆಂಗಳೂರಿನವರು ಮಾಡಲಿ, ತಿರುವನಂತಪುರದವರು ಮಾಡಲಿ ಎಂದು ಕಾಯುವುದೇಕೆ? ನಾವು ಮಾಡಿದರೆ ನಮ್ಮ ಪಠ್ಯಪುಸ್ತಕದ ಪದಗಳೇ ಪರದೆಯ ಮೇಲೂ ಬರುತ್ತವೆ.

ಇನ್ನು ಕೆಲವರು ಸಿಮ್ಯುಲೇಶನ್ ಬಳಸುತ್ತಾರೆ, ಸಿನಿಮಾ ತೋರಿಸಿದ ಹಾಗೆ! ಪ್ರೊಜೆಕ್ಟರ್ ಹಾಕಿ, ಮೌಸ್ ತಾವೇ ಹಿಡಿದು, ಉತ್ತರವನ್ನೂ ತಾವೇ ಹೇಳಿ ಮುಗಿಸುತ್ತಾರೆ. ಮಕ್ಕಳಿಗೆ ಕತ್ತಲಲ್ಲಿ ಕೂತದ್ದಷ್ಟೇ ಲಾಭ. "ಲ್ಯಾಬಿನ ಕೆಲಸವೂ ತಪ್ಪಿತು" ಎನ್ನುವವರೂ ಇದ್ದಾರೆ. ಇದು ಶುದ್ಧ ಸೋಮಾರಿತನ.

ನಾನು ಮಾಡುವುದು ಹೀಗೆ. ಮೊದಲು ನೂಲು, ಕಲ್ಲು, ಮೊಬೈಲಿನ ಸ್ಟಾಪ್‌ವಾಚ್. ಕಾಲು ಮೀಟರ್ ನೂಲಿಗೆ ಒಂದು ಪೂರ್ಣ ಆಂದೋಲನಕ್ಕೆ ಸುಮಾರು 1 ಸೆಕೆಂಡ್. ಒಂದು ಮೀಟರ್ ನೂಲಿಗೆ ಎಷ್ಟು? "ನಾಲ್ಕು!" ಎಂದು ಇಡೀ ತರಗತಿ ಕೂಗುತ್ತದೆ. ಅಳೆದರೆ ಸುಮಾರು 2. ಹತ್ತು ಆಂದೋಲನದ ಸಮಯ ಅಳೆದು ಭಾಗಿಸಬೇಕು ಎಂಬುದು ಆಗಲೇ ಕಲಿಯುತ್ತಾರೆ. ಕಲ್ಲು ದೊಡ್ಡದು ಮಾಡಿ ನೋಡುತ್ತಾರೆ, ಸಮಯ ಬದಲಾಗುವುದಿಲ್ಲ. ನಂತರವೇ ಕಂಪ್ಯೂಟರ್. ನೂಲು ಹಿಡಿದು ಚಂದ್ರನಿಗೆ ಹೋಗಲು ಆಗದಲ್ಲ! ಅಲ್ಲಿ ಅದೇ ಒಂದು ಮೀಟರ್ ಲೋಲಕಕ್ಕೆ ಸುಮಾರು 5 ಸೆಕೆಂಡ್. ಆದರೆ ಒತ್ತುವ ಮೊದಲು ಪ್ರತಿಯೊಬ್ಬರೂ ತಮ್ಮ ಊಹೆಯನ್ನು ಪುಸ್ತಕದಲ್ಲಿ ಬರೆಯಬೇಕು. ಮೌಸ್ ಮಗುವಿನ ಕೈಯಲ್ಲಿ, ನನ್ನ ಬಾಯಿಗೆ ಬೀಗ.

ಒಮ್ಮೆ ಒಬ್ಬಳು ಹುಡುಗಿ ಕೇಳಿದಳು: "ಟೀಚರ್, ಇದು ನಿಲ್ಲುವುದೇ ಇಲ್ಲ. ನಮ್ಮ ಕಲ್ಲು ಯಾಕೆ ನಿಂತಿತು?" ಘರ್ಷಣೆಯನ್ನು ಸೊನ್ನೆಗೆ ಇಟ್ಟದ್ದು ಅವಳೇ. ಉತ್ತರ ಹುಡುಕಿದ್ದೂ ಅವಳೇ, ಅಚ್ಚ ಕನ್ನಡದಲ್ಲಿ. ಕಲ್ಲನ್ನೂ ಕಂಪ್ಯೂಟರನ್ನೂ ಎರಡನ್ನೂ ಮುಟ್ಟದ ಮಗುವಿಗೆ ಈ ಪ್ರಶ್ನೆ ಹುಟ್ಟುತ್ತಿತ್ತೇ?

ಕನ್ನಡದಲ್ಲಿ ವಿಜ್ಞಾನ ಆಗುವುದಿಲ್ಲ ಎನ್ನುವವರಿಗೆ ಸಭೆಯ ಭಾಷಣ ಉತ್ತರವಲ್ಲ. ಆ ಹುಡುಗಿಯ ಪ್ರಶ್ನೆಯೇ ಉತ್ತರ. ಒಬ್ಬೊಬ್ಬ ಅಧ್ಯಾಪಕರು ವರ್ಷಕ್ಕೆ ಒಂದೇ ಒಂದು ಸಿಮ್ಯುಲೇಶನ್ ಕನ್ನಡಕ್ಕೆ ತಂದರೂ ಸಾಕು. ಈ ರಜೆಯಲ್ಲಿ ನಾನೊಂದು ಮಾಡುತ್ತೇನೆ.

ನೀವು?