ದೀಪಗಳೆಷ್ಟು ಬೇಕು?

ಮನೆಯ ಕೋಣೆಯೊಂದನ್ನು ಭಾವಚಿತ್ರಗಳ ಸ್ಟುಡಿಯೋ ಮಾಡಿಕೊಳ್ಳಬಯಸುವವರು ಮೊದಲು ಕೇಳುವ ಪ್ರಶ್ನೆ, ದೀಪಗಳೆಷ್ಟು ಬೇಕು ಎಂಬುದು. ಒಂದೇ ಸಾಕೆಂಬುದು ನಮ್ಮ ಮತ. ಆದರೆ ಅದು ವಿಸ್ತಾರವಾಗಿರಬೇಕು, ಮುಖಕ್ಕೆ ಸಮೀಪವಾಗಿರಬೇಕು.

ನೆರಳು ಮೃದುವಾಗುವುದು ದೀಪದ ಪ್ರಖರತೆಯಿಂದಲ್ಲ. ಕುಳಿತವರ ಕಡೆಯಿಂದ ನೋಡಿದಾಗ ಬೆಳಕಿನ ಆಕರವು ಎಷ್ಟು ಅಗಲವಾಗಿ ತೋರುವುದೋ ಅದರಿಂದ. ಬರಿಯ ಬಲ್ಬು ಮೂಗಿನ ಪಕ್ಕದಲ್ಲಿ ಗೆರೆ ಕೊರೆದಂತಹ ನೆರಳನ್ನು ಬೀಳಿಸುತ್ತದೆ. ಅದರ ಮುಂದೆ, ಬಿಸಿ ತಗಲದಷ್ಟು ದೂರದಲ್ಲಿ, ಬಿಳಿಯ ಪಂಚೆಯನ್ನು ಬಿಗಿದು ಕಟ್ಟಿದರೆ ಆ ಪಂಚೆಯೇ ದೀಪವಾಗುತ್ತದೆ. ನೆರಳಿನ ಅಂಚು ಕರಗುತ್ತದೆ. 1956ರ ಬಂಗಾಳಿ ಚಿತ್ರ ‘ಅಪರಾಜಿತೋ’ಗಾಗಿ ಛಾಯಾಗ್ರಾಹಕ ಸುಬ್ರತ ಮಿತ್ರರು ಸ್ಟುಡಿಯೋದೊಳಗೆ ಕಟ್ಟಿದ ಕಾಶಿಯ ಮನೆಯಂಗಳದ ಮೇಲೆ ಬಿಳಿಯ ಬಟ್ಟೆಯನ್ನು ಹರಡಿ, ದೀಪಗಳ ಬೆಳಕನ್ನು ಅದರಿಂದ ಪ್ರತಿಫಲಿಸಿ, ಆಕಾಶದ ಬೆಳಕನ್ನೇ ಒಳಗೆ ತಂದರು.

ಇಂತಹ ದೀಪವನ್ನು ಮುಖದಿಂದ ಸುಮಾರು 3 ಅಡಿ ದೂರದಲ್ಲಿ, ಒಂದು ಪಕ್ಕಕ್ಕೆ 45 ಡಿಗ್ರಿ ಓರೆಯಾಗಿ, ಕಣ್ಣಿನ ಮಟ್ಟಕ್ಕಿಂತ ತುಸು ಮೇಲಿರಿಸಬೇಕು. ಇನ್ನೊಂದು ಪಕ್ಕದಲ್ಲಿ ಬಿಳಿಯ ರಟ್ಟನ್ನು ನಿಲ್ಲಿಸಿದರೆ ಅಲ್ಲಿಯ ನೆರಳು ತಿಳಿಯಾಗುವುದು.

ಕಪ್ಪು ಮೈಬಣ್ಣದವರು ಕುಳಿತಾಗ ‘ಬೆಳ್ಳಗೆ ಕಾಣಲಿ’ ಎಂದು ಎದುರಿನಿಂದ ಮತ್ತೆರಡು ದೀಪಗಳನ್ನು ಹಚ್ಚುವುದುಂಟು. ಇದನ್ನು ನಾವು ಒಪ್ಪೆವು. ಎದುರು ಬೆಳಕು ನೆರಳನ್ನು ಅಳಿಸುತ್ತದೆ. ನೆರಳಿನೊಡನೆ ಮುಖದ ಉಬ್ಬುತಗ್ಗುಗಳೂ ಅಳಿಯುತ್ತವೆ. ಕಪ್ಪು ಚರ್ಮದ ಚೆಲುವು ಬಹುಪಾಲು ಅದರ ಹೊಳಪಿನಲ್ಲಿದೆ. ಓರೆಯಿಂದ ಬರುವ ವಿಸ್ತಾರವಾದ ಬೆಳಕು ಕೆನ್ನೆಯ ಮೇಲೆ, ಹಣೆಯ ಮೇಲೆ ಆ ಹೊಳಪನ್ನು ಹದವಾಗಿ ಮೂಡಿಸುತ್ತದೆ. ಮುಂದೆ ಮೊಮ್ಮಕ್ಕಳು ಆ ಚಿತ್ರವನ್ನು ನೋಡಿದಾಗ ತಮ್ಮ ಅಜ್ಜಿಯನ್ನೇ ಕಾಣಬೇಕಲ್ಲವೇ?