ಗೃಹಕೃತ್ಯ: ಹೊತ್ತಿಗೊಂದು ಛಾರ್ಜು

ನೆಲಮಂಗಲದ ವಾಚಕರೊಬ್ಬರು ಬರೆದ ಕಾಗದವು ನಮ್ಮ ಮೇಜಿನ ಮೇಲಿದೆ. ಅವರ ಸೊಸೆಯು ಬೆಂಗಳೂರಿನ ಕಚೇರಿಯೊಂದರಲ್ಲಿ ಕೆಲಸಕ್ಕಿದ್ದಾಳೆ. ದಿನವೂ ಬಸ್ಸಿನಲ್ಲಿ ಮಾದಾವರಕ್ಕೆ ಬಂದು, ಅಲ್ಲಿ ಮೆಟ್ರೊ ಗಾಡಿಯನ್ನು ಹಿಡಿಯುತ್ತಾಳೆ. ಟೋಕನ್ ಕೊಂಡರೆ ಆ ದೂರಕ್ಕೆ 60 ರೂಪಾಯಿ. ಆಕೆ ಸ್ಮಾರ್ಟ್ ಕಾರ್ಡು ಇಟ್ಟುಕೊಂಡಿರುವುದರಿಂದ ಕೆಲವು ದಿನ 57, ಕೆಲವು ದಿನ 54 ರೂಪಾಯಿ ಕಳೆಯುತ್ತದೆ. ಮನೆಯ ಜಮಾಖರ್ಚನ್ನು ಯಜಮಾನರೇ ಬರೆಯುವವರು. "ಹತ್ತುವುದೂ ಇಳಿಯುವುದೂ ಒಂದೇ ಕಡೆ, ಲೆಕ್ಕ ಮಾತ್ರ ಎರಡು ಬಗೆ ಏಕಮ್ಮ?" ಎಂದು ಅವರು ಊಟದ ಹೊತ್ತಿನಲ್ಲಿ ಕೇಳಿದರಂತೆ. ಆಕೆಗೂ ಕಾರಣ ತಿಳಿಯದು. ಅಂದಿನಿಂದ ಮನೆಯಲ್ಲಿ ಮಾತು ಕಡಮೆಯಾಗಿದೆಯೆಂದು ಬರೆದು, ತಪ್ಪು ಯಂತ್ರದ್ದೋ ಹುಡುಗಿಯದೋ ತಿಳಿಸಬೇಕೆಂದು ಕೇಳಿದ್ದಾರೆ.

ಇಬ್ಬರದೂ ತಪ್ಪಿಲ್ಲ, ವ್ಯತ್ಯಾಸವೆಲ್ಲ ಗಡಿಯಾರದ್ದು.

2025ನೆಯ ಫೆಬ್ರವರಿ 9ರಂದು ನಮ್ಮ ಮೆಟ್ರೊ ಛಾರ್ಜುಗಳು ಏರಿದುದು ವಾಚಕರಿಗೆ ಜ್ಞಾಪಕವಿರಬಹುದು. ಅತಿ ಹೆಚ್ಚಿನ ದರವು 60 ರೂಪಾಯಿಯಿಂದ 90ಕ್ಕೆ ಹೋಯಿತು. ಅದರ ಗದ್ದಲದಲ್ಲಿ ಜತೆಗೆ ಬಂದ ಒಂದು ಸಣ್ಣ ರಿಯಾಯಿತಿಯು ಅನೇಕರ ಕಣ್ಣಿಗೆ ಬೀಳಲಿಲ್ಲ. ಅದಕ್ಕೆ ಮುಂಚೆ ಕಾರ್ಡು ಉಳ್ಳವರಿಗೆ ಯಾವ ಹೊತ್ತಿನಲ್ಲಾದರೂ ನೂರಕ್ಕೆ ಐದು ಸೋಡಿ ಸಿಕ್ಕುತ್ತಿತ್ತು. ಆ ಐದನ್ನು ಹಾಗೆಯೇ ಉಳಿಸಿ, ಜನಸಂದಣಿಯಿಲ್ಲದ ಹೊತ್ತಿನಲ್ಲಿ ಹೊರಟವರಿಗೆ ಮತ್ತೆ ಐದನ್ನು ಸೇರಿಸಿದರು. ವಾರದ ದಿನಗಳಲ್ಲಿ ಮೊದಲ ಗಾಡಿಯಿಂದ ಬೆಳಗಿನ 8 ಘಂಟೆಯವರೆಗೆ, ಮಧ್ಯಾಹ್ನ 12ರಿಂದ 4ರವರೆಗೆ, ರಾತ್ರಿ 9ರ ಮೇಲೆ ಕೊನೆಯ ಗಾಡಿಯವರೆಗೆ—ಇವೇ ಆ ಹೊತ್ತುಗಳು. ಭಾನುವಾರವಾದರೆ ದಿನವೆಲ್ಲ ನೂರಕ್ಕೆ ಹತ್ತು. ಟೋಕನ್ ಕೊಳ್ಳುವವರಿಗೆ ಈ ಸೋಡಿಗಳೊಂದೂ ಇಲ್ಲ. ಸೊಸೆಯು 7 ಘಂಟೆ 50 ನಿಮಿಷಕ್ಕೆ ಗೇಟು ದಾಟಿದ ದಿನ 54 ರೂಪಾಯಿ. ನೆಲಮಂಗಲದ ಬಸ್ಸು ತಡವಾಗಿ, 8 ದಾಟಿ ಬಂದ ದಿನ 57.

ಇಲ್ಲಿ ಗಮನಿಸತಕ್ಕ ವಿಷಯವೊಂದುಂಟು. ಎಣಿಕೆಗೆ ಬರುವುದು ಒಳಗೆ ಹೋಗುವಾಗ ಕಾರ್ಡನ್ನು ಮುಟ್ಟಿಸಿದ ಹೊತ್ತು. ಗಾಡಿ ಹೊರಟ ಹೊತ್ತಾಗಲಿ, ಇಳಿದ ಹೊತ್ತಾಗಲಿ ಲೆಕ್ಕಕ್ಕಿಲ್ಲ. ಕಾರ್ಡಿನೊಳಗೆ ಬ್ಯಾಟರಿಯೇನೂ ಇಲ್ಲ. ಗೇಟಿನ ಯಂತ್ರವು ಹೊಮ್ಮಿಸುವ ಅಲೆಗಳಿಂದಲೇ ಶಕ್ತಿಯನ್ನು ಪಡೆದು, ಒಂದು ಕ್ಷಣ ಎಚ್ಚತ್ತು, ಹತ್ತಿದ ನಿಲ್ದಾಣವನ್ನೂ ಘಳಿಗೆಯನ್ನೂ ಗುರುತು ಹಾಕಿಕೊಳ್ಳುತ್ತದೆ. ಇಳಿದ ಕಡೆ ಆ ಗುರುತನ್ನು ನೋಡಿ ಹಣವನ್ನು ಕಳೆಯುತ್ತಾರೆ. ಆದಕಾರಣ 8ಕ್ಕೆ ಎರಡು ನಿಮಿಷವಿರುವಾಗ ಒಳಗೆ ಹೊಕ್ಕವರು 9 ಘಂಟೆಗೆ ಇಳಿದರೂ ಕಡಮೆ ದರವೇ. ಲಂಡನ್ ಪಟ್ಟಣದ ನೆಲದಡಿಯ ರೈಲಿನಲ್ಲಿಯೂ ಕಾರ್ಡು ಮುಟ್ಟಿಸಿ ಒಳಹೊಕ್ಕ ಹೊತ್ತಿನ ಮೇಲೆಯೇ ಛಾರ್ಜು ನಿಲ್ಲುವುದು. ಸಿಂಗಪುರದಲ್ಲಿ 2017ನೆಯ ಡಿಸೆಂಬರಿನಿಂದ ವಾರದ ದಿನಗಳಲ್ಲಿ ಬೆಳಿಗ್ಗೆ 7 ಘಂಟೆ 45 ನಿಮಿಷಕ್ಕೆ ಮುಂಚೆ ಒಳಹೊಕ್ಕವರಿಗೆ ರಿಯಾಯಿತಿಯನ್ನು ಏರ್ಪಡಿಸಿದರು. ದೊಡ್ಡಬಳ್ಳಾಪುರದಿಂದ ತಿಂಗಳ ಪಾಸಿನ ಮೇಲೆ ರೈಲಿನಲ್ಲಿ ಓಡಾಡುವ ನಮ್ಮ ವಾಚಕರಿಗೆ ಇದು ವಿಚಿತ್ರವಾಗಿ ತೋರಬಹುದು. ಅವರ ಪಾಸಿಗೆ ಬೆಳಗಿನ ಗಾಡಿಯೂ ಒಂದೇ, ಸಂಜೆಯ ಗಾಡಿಯೂ ಒಂದೇ.

ಹಾಗಾದರೆ ಸೊಸೆಯು ನಿತ್ಯವೂ ಅರ್ಧ ಘಂಟೆ ಮುಂಚೆ ಹೊರಡಬೇಕೆ? ಯಜಮಾನರು ಇದನ್ನು ಕೇಳಿಲ್ಲ, ಆದರೆ ಈ ಲೇಖನವನ್ನು ಓದಿದೊಡನೆ ಕೇಳಿಯಾರೆಂಬ ಶಂಕೆ ನಮಗುಂಟು. ಲೆಕ್ಕ ಹಾಕಿ ನೋಡೋಣ. ಆಕೆ ಮನೆಗೆ ಹಿಂದಿರುಗುವುದು ಸಂಜೆ 4ರಿಂದ 9ರ ಒಳಗೆ. ಆಗ ಹೆಚ್ಚಿನ ಸೋಡಿಯಿಲ್ಲ. ಉಳಿತಾಯವೇನಿದ್ದರೂ ಬೆಳಗಿನದು ಮಾತ್ರ. ದಿನಕ್ಕೆ 3 ರೂಪಾಯಿಯಂತೆ 25 ದಿನಕ್ಕೆ 75 ರೂಪಾಯಿ. ಇದಕ್ಕಾಗಿ ಆಕೆ ನಸುಕಿನಲ್ಲೆದ್ದು, ತಿಂಡಿಯನ್ನು ಬಿಟ್ಟು, ಓಡಿ ಬಸ್ಸು ಹಿಡಿಯಬೇಕೆಂದರೆ ಆ ಉಳಿತಾಯವು ನಮಗೆ ಬೇಡ. ಪೀಣ್ಯದ ಕಾರ್ಖಾನೆಗಳಿಗೆ ಹೋಗುವವರ, ಪಟ್ಟಣದ ಮನೆಗಳಲ್ಲಿ ಕೆಲಸಮಾಡುವ ಹೆಂಗಸರ ಹೊತ್ತನ್ನು ನಿರ್ಣಯಿಸುವವರು ಬೇರೆಯವರು. ರಿಯಾಯಿತಿಯ ಹೊತ್ತು ಬೇಕಾದವರಿಗೆ ಅದು ಸಿಕ್ಕದೆಹೋಗುವುದು ಈ ಏರ್ಪಾಡಿನ ದೊಡ್ಡ ಕೊರತೆಯೆಂದು ನಾವು ಭಾವಿಸುತ್ತೇವೆ. ಸಂದಣಿಯನ್ನು ಹಂಚುವುದು ಇದರ ಉದ್ದೇಶವಾದರೆ, ಕೆಲಸಕ್ಕಿಟ್ಟುಕೊಂಡವರೂ ಬರುವ ಹೊತ್ತನ್ನು ಸ್ವಲ್ಪ ಸಡಿಲಿಸಬೇಡವೆ?

ಹೊತ್ತು ತಮ್ಮ ಕೈಯಲ್ಲಿರುವವರ ಮಾತು ಬೇರೆ. ಹೊಸಕೋಟೆಯ ಕಡೆಯವರು 2023ನೆಯ ಮಾರ್ಚಿಯಲ್ಲಿ ತೆರೆದ ಕಾಡುಗೋಡಿಯ ನಿಲ್ದಾಣಕ್ಕೆ ಬಂದು ಪಟ್ಟಣಕ್ಕೆ ಹೋಗುವುದುಂಟು. ಮದುವೆಯ ಜವಳಿಗೆಂದೋ, ಬಾಣಂತಿಯನ್ನು ನೋಡಲೆಂದೋ ನಾಲ್ಕು ಜನ ಹೊರಡುವುದಾದರೆ ಊಟ ಮುಗಿಸಿಕೊಂಡು 12ರ ಮೇಲೆ ಹೊರಡಲಿ. ಹಣವೂ ಉಳಿದೀತು, ಕುಳಿತುಕೊಳ್ಳಲು ಸ್ಥಳವೂ ಸಿಕ್ಕೀತು. ಆದರೆ ಅತಿಯಾಗಬಾರದು. 12ಕ್ಕೆ ಹತ್ತು ನಿಮಿಷವಿದೆಯೆಂದು ಗೇಟಿನ ಹೊರಗೆ ಬಿಸಿಲಿನಲ್ಲಿ ನಿಂತಿದ್ದ ವೃದ್ಧರೊಬ್ಬರನ್ನು ನಾವು ಕಂಡೆವು. ಅವರು ಹೋಗಬೇಕಾಗಿದ್ದುದು 10 ರೂಪಾಯಿಯ ದೂರ. ಕಾದದ್ದು ಐವತ್ತು ಪೈಸೆಗೆ!

ಕಾರ್ಡಿನಲ್ಲಿ ಎಷ್ಟು ಹಣವಿದೆಯೆಂಬುದನ್ನು ಹೊರಡುವ ಮುನ್ನ ನೋಡಿಕೊಳ್ಳಬೇಕು. 2025ರ ಆ ಆಜ್ಞೆಯಲ್ಲಿ ಕಾರ್ಡಿನ ಕನಿಷ್ಠ ಶಿಲ್ಕನ್ನು 90 ರೂಪಾಯಿಯೆಂದು ಗೊತ್ತುಮಾಡಿದರು. ಇದನ್ನು ಮರೆತು ನಾವೇ ಒಮ್ಮೆ ಮನೆಯ ಹಿರಿಯರೊಬ್ಬರ ಕೈಗೆ 70 ರೂಪಾಯಿ ಉಳಿದಿದ್ದ ಕಾರ್ಡನ್ನು ಕೊಟ್ಟು ಕಳುಹಿಸಿದೆವು. ಪ್ರಯಾಣವು 20 ರೂಪಾಯಿಯದು. ಆದರೂ ಗೇಟು ತೆರೆಯಲಿಲ್ಲ. ಹಿಂದೆ ಸಾಲುಗಟ್ಟಿದವರ ಎದುರಿಗೆ ಅವರು ಪಟ್ಟ ನಾಚಿಕೆಗೆ ನಮ್ಮ ಅಜಾಗ್ರತೆಯೇ ಕಾರಣ. ದರಗಳೂ ನಿಯಮಗಳೂ ಬದಲಾಗತಕ್ಕವು. ನಿಲ್ದಾಣದಲ್ಲಿ ಒಮ್ಮೆ ವಿಚಾರಿಸಿಕೊಳ್ಳುವುದು ಲೇಸು.

ನೆಲಮಂಗಲದ ಯಜಮಾನರು ಜಮಾಖರ್ಚಿನ ಪುಸ್ತಕದಲ್ಲಿ ಮೊಬಲಗಿನ ಪಕ್ಕದಲ್ಲಿ ಸೊಸೆಯು ಒಳಹೊಕ್ಕ ಹೊತ್ತನ್ನೂ ಒಂದು ವಾರ ಬರೆದು ನೋಡಲಿ. ಅದಕ್ಕೆ ಮುಂಚೆ, ಇಂದಿನ ಊಟದ ಹೊತ್ತಿನಲ್ಲಿಯೇ, ಆಕೆಯೊಡನೆ ಮಾತನಾಡಲಿ. ಅವರ ಕಾಗದದ ಅಂಚಿನಲ್ಲಿ ಇನ್ನೊಂದು ಪ್ರಶ್ನೆಯೂ ಇದೆ: ಯುಗಾದಿ, ದೀಪಾವಳಿಗಳಂದು ದಿನವೆಲ್ಲ ಹತ್ತರ ಸೋಡಿಯುಂಟೆ ಎಂದು. ಆ ಆಜ್ಞೆಯಂತೆ ಇಲ್ಲ. ಭಾನುವಾರಗಳನ್ನು ಬಿಟ್ಟರೆ ಜನವರಿ 26, ಆಗಸ್ಟ್ 15, ಅಕ್ಟೋಬರ್ 2—ಈ ಮೂರು ದಿನಗಳಿಗೆ ಮಾತ್ರ ಅದು ಸಲ್ಲುತ್ತದೆ.